ಖಂಡೆಪ್ಪನ ಫರಸಿ ಮತ್ತು ಬಾಲದ ಚುಕ್ಕೆ

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವವರು ನೂರಾರು ಮಂದಿ, ಆದರೆ ಕೂದಲೆಳೆಯಷ್ಟೂ ತಪ್ಪದಂತೆ ಕಡಿಯುವವನು ತಾನೊಬ್ಬನೇ ಎಂದು ಖಂಡೆಪ್ಪ ನಂಬಿದ್ದ. ಆ ನಂಬಿಕೆ ಸುಳ್ಳೇನೂ ಆಗಿರಲಿಲ್ಲ. ೧೯೭೦ರ ಮಾರ್ಚಿನಲ್ಲಿ ನಸುಕಿನ ಆಕಾಶದಲ್ಲಿ ಬಾಲದ ಚುಕ್ಕೆ, ಅಂದರೆ ಧೂಮಕೇತು, ಕಂಡಾಗ ಹೈಸ್ಕೂಲಿನ ಗಣಿತದ ಮಾಸ್ತರು ಗುರುಲಿಂಗಯ್ಯನವರು ನೆಟ್ಟಗೆ ಅವನ ಮನೆಗೇ ಬಂದರು. ಅವರಿಗೆ ಬೇಕಾದದ್ದು ಅಂಚಿನ ಸುತ್ತ ಮುನ್ನೂರರವತ್ತು ಗೀರಿನ ಒಂದು ದುಂಡು ಫರಸಿ, ಅದರ ಮೇಲೆ ನಿಂತು ತಿರುಗುವ, ನೋಟದ ಕೊಳವೆ ಕೂಡಿಸಿದ, ತೊಂಬತ್ತು ಗೀರಿನ ಇನ್ನೊಂದು ಕಲ್ಲು. ಮಲಗಿದ್ದು ಚುಕ್ಕೆಯ ದಿಕ್ಕು ಹೇಳುತ್ತದೆ, ನಿಂತದ್ದು ಎತ್ತರ ಹೇಳುತ್ತದೆ, ಜೊತೆಗೆ ವೇಳೆ ಬರೆದಿಟ್ಟರೆ ಅದು ಸಾಗುವ ದಾರಿಯನ್ನೇ ಲೆಕ್ಕ ಹಾಕಬಹುದು ಎಂದರು. ಗಂಡ ಮುಗಿಲಿಗೆ ಫರಸಿ ಹಾಸಲು ಹೊರಟಿದ್ದಾನೆಂದು ಹೆಂಡತಿ ಮರೆಮ್ಮ ಓಣಿಯನ್ನೆಲ್ಲ ನಗಿಸಿದಳು.

ಶಾಲೆಯ ಮಾಳಿಗೆಯ ಮೇಲೆ ನಾಲ್ಕು ನಸುಕು ಇಬ್ಬರೂ ಅಳೆದರು. ಮೂರು ದಿನದ ಅಂಕಿಗಳಿಂದ ಮಾಸ್ತರು ಪಥ ಬರೆದರು. ಎಷ್ಟು ಉದ್ದದ ಪಥವೆಂದರೆ, ಹೋದ ಚುಕ್ಕೆ ತಿರುಗಿ ಬರುವಷ್ಟರಲ್ಲಿ ಎಷ್ಟು ತಲೆಮಾರು ಕಳೆಯುತ್ತವೋ ಹೇಳಲಾಗದು. ಆದರೆ ನಾಲ್ಕನೆಯ ದಿನದ ಅಳತೆ ಆ ಪಥದ ಮೇಲೆ ಕೂಡಲೊಲ್ಲದು, ಆರು ಡಿಗ್ರಿ ಪಕ್ಕಕ್ಕೆ ಸರಿಯಿತು. ಎರಡು ದಿನ ತಿದ್ದಿ ಸಾಕಾಗಿ, ಗೀರುಗಳಲ್ಲೇ ದೋಷವಿರಬೇಕು, ಈ ಲೆಕ್ಕವನ್ನು ಹೈದರಾಬಾದಿನ ಗ್ರಹ-ನಕ್ಷತ್ರ ನೋಡುವ ವೇಧಶಾಲೆಗೆ ಕಳಿಸುವುದು ಬೇಡ ಎಂದುಬಿಟ್ಟರು. ನೀರಿನ ಕೊಡ ಇಡಲು ಆ ದುಂಡು ಕಲ್ಲು ಚೆನ್ನಾಗಿದೆಯೆಂದು ಹೆಡ್ ಮಾಸ್ತರು ಬೇರೆ ಕೇಳಿದರು.

ಖಂಡೆಪ್ಪನಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷದ ಹೆಸರು ಅವನದು. ಕೈವಾರ ಹಿಡಿದು ಒಂದೊಂದೇ ಗೀರು ಅಳೆದ, ಒಂದೂ ತಪ್ಪಿರಲಿಲ್ಲ. ಕಲ್ಲು ಸರಿ ಇದ್ದರೆ ಉಳಿದದ್ದು ವೇಳೆ. ಮಾಸ್ತರ ಕೈಗಡಿಯಾರ ದಿನಾ ರಾತ್ರಿ ನಿಂತುಬಿಡುತ್ತಿತ್ತು. ಊರಿನ ರೂಢಿಯಂತೆ ಅವರೂ ನಸುಕಿನ ಮೇಲ್ ಗಾಡಿಯ ಸೀಟಿ ಕೇಳಿ ಕೀಲಿ ಕೊಟ್ಟು, ಮುಳ್ಳನ್ನು ನಾಲ್ಕೂ ಇಪ್ಪತ್ತೈದಕ್ಕೆ ತಿರುಗಿಸುತ್ತಿದ್ದರು.

ಅವನು ಸೀದಾ ಸ್ಟೇಷನ್ನಿಗೆ ನಡೆದ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಲಾಲ್ ಅಹ್ಮದ್, ಗಾಡಿ ಬಂದ ವೇಳೆ ಬರೆದಿಡುವ ರಿಜಿಸ್ಟರನ್ನು ಒಳಗೆ ಕೇಳಿ ತಂದು ತೆಗೆದು ನೋಡಿದ. ಮೂರು ದಿನ ಗಾಡಿ ವೇಳೆಗೆ ಸರಿಯಾಗಿ ಬಂದಿತ್ತು. ನಾಲ್ಕನೆಯ ದಿನ ವಾಡಿಯಲ್ಲಿ ನಿಂತು ಇಪ್ಪತ್ನಾಲ್ಕು ನಿಮಿಷ ತಡವಾಗಿತ್ತು.

ಖಂಡೆಪ್ಪ ಮಾಸ್ತರ ಮುಂದೆ ಹೋಗಿ ನಿಂತ.

"ಮುಗಿಲು ಒಂದು ಡಿಗ್ರಿ ತಿರಗಲಿಕ್ಕ ಎಷ್ಟೊತ್ತು ಬೇಕ್ರಿ?"

"ನಾಕು ನಿಮಿಷ."

"ಇಪ್ಪತ್ನಾಕು ನಿಮಿಷಕ್ಕ?"

ಮಾಸ್ತರು ಬೆರಳು ಮಡಚಿ ಎಣಿಸಿದರು, ಸರಿಯಾಗಿ ಆರು ಡಿಗ್ರಿ. ರಿಜಿಸ್ಟರಿನ ಸಂಗತಿ ಕೇಳಿದ ಮೇಲೆ ತಮ್ಮ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. "ತಪ್ಪು ನಂದು, ಖಂಡೆಪ್ಪ. ಕಲ್ಲಿಂದಲ್ಲ," ಎಂದರು.

ಅಷ್ಟಕ್ಕೆ ಅವನ ಹೊಟ್ಟೆ ತಣ್ಣಗಾಗಲಿಲ್ಲ. ಕಲ್ಲಿನ ಹೆಸರು ಕೆಟ್ಟದ್ದು ನಾಲ್ಕು ಮಂದಿಯ ಮುಂದೆ, ಸರಿಯಾಗಬೇಕಾದದ್ದೂ ಅಲ್ಲೇ. ಏಪ್ರಿಲ್ ಹನ್ನೆರಡರ ನಸುಕಿನ ನಾಲ್ಕೂವರೆಗೆ ಚುಕ್ಕೆ ಎಲ್ಲಿರುತ್ತದೆ ಎಂದು ಈಗಲೇ ಲೆಕ್ಕ ಹಾಕಿ ಕೊಡಿ ಎಂದ. ಮಾಸ್ತರು ಹೊಸ ಪಥ ಬರೆದು, ದಿಕ್ಕಿಗೊಂದು ಎತ್ತರಕ್ಕೊಂದು, ಎರಡು ಅಂಕಿ ಕೊಟ್ಟರು. ಸೀಮೆಸುಣ್ಣದಿಂದ ಗುರುತು ಮಾಡು, ತಪ್ಪಿದರೆ ಒರೆಸಬಹುದು ಎಂದು ಅಂಗಲಾಚಿದರು. ಖಂಡೆಪ್ಪ ಉಳಿ ಹಿಡಿದು ಎರಡೂ ಕಲ್ಲಿನ ಮೇಲೆ ಆಳವಾಗಿ ಕೆತ್ತಿದ. ತಪ್ಪಿದರೆ ಊರು ಮೊಮ್ಮಕ್ಕಳ ಕಾಲದವರೆಗೂ ನಗಲಿ ಎಂದ.

ಹನ್ನೆರಡರ ನಸುಕಿಗೆ ಹೆಡ್ ಮಾಸ್ತರು, ಮರೆಮ್ಮ, ಅರ್ಧ ಓಣಿ ಮಾಳಿಗೆ ಹತ್ತಿತ್ತು. ಈ ಸಲ ವೇಳೆಯನ್ನು ಸ್ಟೇಷನ್ನಿನ ಗೋಡೆ ಗಡಿಯಾರದಿಂದಲೇ ತಂದಿದ್ದರು. ಖಂಡೆಪ್ಪ ಕೆತ್ತಿದ ಗುರುತುಗಳಿಗೆ ನೋಟದ ಕೊಳವೆ ಹೊಂದಿಸಿ ಹಿಂದೆ ಸರಿದ. ಮಾಸ್ತರು ಕಣ್ಣಿಟ್ಟು ಭಾಳ ಹೊತ್ತು ನೋಡಿದರು.

"ಅದ," ಎಂದರು. "ಅರ್ಧ ಡಿಗ್ರಿ ಆಚೆ ಅದ, ಆದ್ರ ಅದ."

"ಆ ಅರ್ಧ ನಿಮ್ಮ ಲೆಕ್ಕದ್ದು ನೋಡ್ರಿ," ಎಂದ ಖಂಡೆಪ್ಪ.

ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ತರೇ. ಅಂದೇ ಬೆಳಿಗ್ಗೆ ವೇಧಶಾಲೆಗೆ ಕಾಗದ ಬರೆದು, ಅಂಚೆಗೆ ಹಾಕುವ ಮುಂಚೆ ಅವನಿಗೆ ಓದಿ ಹೇಳಿದರು. ಉಪಕರಣ: ಶಹಾಬಾದ್ ಕಲ್ಲು. ಮಾಡಿದವರು: ಖಂಡೆಪ್ಪ. ಉಪಕರಣದಲ್ಲಿ ಕಂಡ ದೋಷ: ಏನೂ ಇಲ್ಲ.

ಖಂಡೆಪ್ಪ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿದ, ಈ ಸಲ ಹೆಡ್ ಮಾಸ್ತರಿಗೂ ಕೇಳುವ ಹಾಗೆ.