ಎರಡನೇ ಬೆಲ್

ಚೀಲದೊಳಗೆ ಅರ್ಧ ಇಳಿದಿದ್ದ ನೋಟ್‌ಬುಕ್ಕನ್ನು ಭಾನುಪ್ರಿಯಾ ಹಿಡಿದು ಹೊರಗೆಳೆದಳು.

"ಇದನ್ನ ಹಾಕಬೇಡ ದೇವರಾಜಣ್ಣ."

"ಅಪ್ಪನ್ ಸಾಮಾನೆಲ್ಲ ಅಪ್ಪನ್ ಜತೆಗೇ ಓಗಬೇಕು ಕಣವ್ವ." ದೇವರಾಜನ ಕೈಯಲ್ಲಿ ಅಂಚೆಯ ಖಾಕಿ ಚೀಲ ಬಾಯಿ ತೆರೆದುಕೊಂಡಿತ್ತು. ಕೆಂಪಣ್ಣನ ಎಲೆಯಡಿಕೆ ಡಬ್ಬಿ, ಕನ್ನಡಕ, ಒಂದು ಜೊತೆ ಬಟ್ಟೆ ಆಗಲೇ ಒಳಗಿದ್ದವು. "ಕನ್ನಡಕ ಕೊಟ್ಟು ಕಳಿಸ್ತಾ ಇವ್ನಿ. ಓದಕ್ಕೆ ಏನಾದ್ರೂ ಬ್ಯಾಡ್ವಾ?"

"ಇದರಲ್ಲಿ ಒಂದು ಲೆಕ್ಕ ಬಾಕಿ ಇದೆ."

ದೇವರಾಜ ರಾತ್ರಿಯಿಡೀ ಹಾಸನದ ಆಸ್ಪತ್ರೆಯಲ್ಲಿ ನಿಂತೇ ಇದ್ದವನು. ಜಗಳಕ್ಕೆ ಅವನಲ್ಲಿ ಶಕ್ತಿ ಇರಲಿಲ್ಲ. "ಗುಂಡಿಗೆ ಇಳಿಸೋಗಂಟ ಇಟ್ಕೊ. ಆಮೇಲೆ ಕೊಟ್ಬುಡಬೇಕು, ಆಯ್ತಾ?"

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ನಲವತ್ತು ವರ್ಷ ಬಾಗೂರಿನ ಬೀದಿಗಳಲ್ಲಿ ಕಾಗದ ಹಂಚಿದ ಕೆಂಪಣ್ಣ ಗೋಡೆಗೆ ಒರಗಿ, ತಲೆಗೆ ಬಿಳಿ ಪೇಟ ಸುತ್ತಿಸಿಕೊಂಡು, ಬಿಡುವಾಗಿ ಕೂತಿದ್ದ. ಅವನ ಜಾಗಕ್ಕೆ ಬಂದ ಪೋಸ್ಟ್‌ಮನ್ ರುದ್ರೇಶ ಹಗ್ಗ ಬಿಗಿಯುತ್ತಾ, "ಮೆತ್ತಗೆ ಎತ್ತಿ ಕಣ್ರಲಾ, ರಿಜಿಸ್ಟರ್ ಪಾರ್ಸಲ್ಲು," ಎಂದ. ಹೆಂಗಸರ ನಡುವೆ ಕೂತಿದ್ದ ಕೆಂಪಣ್ಣನ ಹೆಂಡತಿ ನಂಜಮ್ಮ ಕೂಡ ಸೆರಗಿನೊಳಗೇ ಒಂದು ಗಳಿಗೆ ನಕ್ಕು, ಮತ್ತೆ ಅತ್ತಳು.

ಭಾನು ನೋಟ್‌ಬುಕ್ಕನ್ನು ಎದೆಗವುಚಿಕೊಂಡಳು. ಸೋಮವಾರ ಅವಳು ಹಾಸನದಲ್ಲಿ ಗಣಿತದ ಎಂಎಸ್ಸಿ ಪ್ರಾಜೆಕ್ಟ್ ಒಪ್ಪಿಸಬೇಕಿತ್ತು. ಅದರ ಕೊನೆಯ ಅಧ್ಯಾಯ ದೊಡ್ಡಪ್ಪ ಕೆಂಪಣ್ಣ ದಿನಾ ಕಾಗದ ಹಂಚುತ್ತಿದ್ದ ದಾರಿಯ ಬಗ್ಗೆಯೇ ಇತ್ತು. ಅದರಲ್ಲೊಂದು ಸಾಲು: ಈ ಅಂಚೆಯವನ ದಾರಿಯಲ್ಲಿ ಒಂದು ದೋಷವಿದೆ. ಆ ಸಾಲು ನಿಜವೋ ಅಲ್ಲವೋ ಹೇಳಬಲ್ಲ ಒಬ್ಬನೇ ಒಬ್ಬ ಇನ್ನೊಂದು ತಾಸಿನಲ್ಲಿ ಮಣ್ಣಿಗೆ ಹೋಗುವವನಿದ್ದ.

*

ಎರಡು ವರ್ಷದ ಹಿಂದೆ ಇದೇ ಜಗಲಿಯ ಮೇಲೆ ಅವಳು ಗ್ರಾಫ್ ಥಿಯರಿ ಮುಂದಿಟ್ಟುಕೊಂಡು ಅಳುತ್ತಾ ಕೂತಿದ್ದಳು. ಲೈಬ್ರರಿಯ ಇಂಗ್ಲಿಷ್ ಪುಸ್ತಕದಲ್ಲಿ ಪ್ರಮೇಯಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು, ಉಸಿರಾಡಲು ಜಾಗವಿರಲಿಲ್ಲ. ಹಾಸನದ ಜೆರಾಕ್ಸ್ ಅಂಗಡಿಯ ನೋಟ್ಸ್ ಯಾರೋ ಜಾಣ ಹುಡುಗಿ ತನಗಾಗಿ ಮಾತ್ರ ಬರೆದುಕೊಂಡದ್ದು. ಫೋನಿನಲ್ಲಿ ದೆಹಲಿಯ ಮೇಷ್ಟ್ರೊಬ್ಬರು ಪಾಠ ಹೇಳುತ್ತಿದ್ದರು. ವಿಡಿಯೋ ನಿಲ್ಲಿಸಿ ನಿಲ್ಲಿಸಿ ಅವಳ ಬೆರಳು ಸವೆದಿತ್ತು.

"ಏನವ್ವ ಅದು, ರಂಗೋಲಿ ಚುಕ್ಕಿನಾ?" ಕೆಂಪಣ್ಣ ಸೈಕಲ್ ಒರಗಿಸಿ ಬಂದು ಬಗ್ಗಿ ನೋಡಿದ್ದ.

"ಚುಕ್ಕಿ ಅಂದ್ರೆ ಊರಿನ ಮೂಲೆಗಳು ದೊಡ್ಡಪ್ಪ. ಗೆರೆ ಅಂದ್ರೆ ಬೀದಿ. ಪೋಸ್ಟ್ ಆಫೀಸಿಂದ ಹೊರಟು, ಎಲ್ಲ ಬೀದೀನೂ ಮುಗಿಸಿ ಅಲ್ಲಿಗೇ ವಾಪಸ್ ಬರಬೇಕು. ನಡೆದ ಬೀದೀಲೇ ಮತ್ತೆ ನಡೀಬಾರದು. ಆಗುತ್ತಾ ಇಲ್ವಾ?"

"ನಮ್ಮೂರಲ್ಲಿ ಆಗಲ್ಲ."

ಅವನು ಯೋಚಿಸಿಯೇ ಇರಲಿಲ್ಲ. ಅವಳು ಕಣ್ಣೊರೆಸಿಕೊಂಡು ಹೇಗೆ ಎಂದು ಕೇಳಿದಳು.

"ಅರಳಿಕಟ್ಟೆ ತಾವ ಮೂರು ದಾರಿ. ನೀರಿನ ಟ್ಯಾಂಕ್ ತಾವಲೂ ಮೂರು. ಒಂದ್ರಲ್ಲಿ ಬತ್ತೀಯ, ಇನ್ನೊಂದ್ರಲ್ಲಿ ಓಯ್ತೀಯ. ಮೂರ್ನೇದ್ರಲ್ಲಿ ಬಂದೆ ಅಂದ್ಕೊ, ಎಲ್ಲಿಗೆ ಓಯ್ತೀಯ? ಸಿಗಾಕೊಂಡೆ! ನಡೆದಿದ್ದೇ ದಾರೀಲಿ ಇನ್ನೊಂದ್ ಸಲ ನಡೀಬೇಕು. ಇದಕ್ಕೆ ಬುಕ್ ಯಾಕೆ? ನನ್ ಮಂಡಿ ಕೇಳು, ಏಳ್ತದೆ."

ಇಂಗ್ಲಿಷ್ ಪುಸ್ತಕದ ಹನ್ನೊಂದು ಪುಟ ಅವಳಿಗೆ ಆ ಕ್ಷಣದಲ್ಲಿ ಅರ್ಥವಾಗಿತ್ತು.

ಆಮೇಲೆ ಪ್ರತಿ ಭಾನುವಾರ ಪಾಠ ನಡೆಯಿತು. ಅವಳು ಓದಿದ್ದನ್ನು ಹೇಳುವಳು, ಅವನು ಈ ನೋಟ್‌ಬುಕ್ಕಿನಲ್ಲಿ ತನ್ನ ಕನ್ನಡದಲ್ಲಿ ಬರೆದುಕೊಳ್ಳುವನು, ಪರೀಕ್ಷೆಗೆ ಅವಳು ಓದಿದ್ದು ಅವನು ಬರೆದದ್ದನ್ನೇ. ಒಂದೇ ಸಲ ನಡೆಯುವ ಬೀದಿಗೆ ಒಂದು ಗೆರೆ, ಎರಡು ಸಲ ನಡೆಯುವ ಬೀದಿಗೆ ಎರಡು ಗೆರೆ. ಹಾಗೆ ಒಂದು ಇಡೀ ಹಾಳೆಯಲ್ಲಿ ಅವನು ತನ್ನ ದಾರಿಯನ್ನು ಬರೆದಾಗ ಅವಳು ಕೆಂಪು ಪೆನ್ನು ಎತ್ತಿಕೊಂಡು ಒಂದು ಕಡೆ ಸುತ್ತು ಹಾಕಿದಳು.

"ಇಲ್ಲಿ ತಪ್ಪಿದೆ ದೊಡ್ಡಪ್ಪ. ಕಟ್ಟೆಯಿಂದ ಟ್ಯಾಂಕಿಗೆ ಹುಣಸೆಮರದ ಓಣೀಲಿ ಹೋದ್ರೆ ನೂರು ಹೆಜ್ಜೆ. ಎರಡು ಸಲ ನಡೆಯೋದೇ ಆದ್ರೆ ಆ ಓಣೀಲಿ ನಡೀಬೇಕು. ನೀನು ಹಿಂದಲ ಬೀದೀಲಿ ನಡೀತೀಯ, ಅದು ಮುನ್ನೂರು ಹೆಜ್ಜೆ. ನಲವತ್ತು ವರ್ಷ ದಿನಾ ಇನ್ನೂರು ಹೆಜ್ಜೆ ದಂಡ."

ಕೆಂಪಣ್ಣ ಕನ್ನಡಕ ಏರಿಸಿ ಆ ಕೆಂಪು ಸುತ್ತನ್ನು ನೋಡಿದ. "ಅಂಗೇ ಬರ್ಕೊ. ತಪ್ಪು ಅಂತ್ಲೇ ಬರ್ಕೊ." ನಕ್ಕು ಎದ್ದು ಹೋದ.

ಮಾರನೆಯ ದಿನವೂ ಅವನು ಹಿಂದಲ ಬೀದಿಯಲ್ಲೇ ಎರಡು ಸಲ ಹೋದ. ನಿವೃತ್ತಿಯಾದ ಮೇಲೂ, ಚೀಲದಲ್ಲಿ ಒಂದು ಕಾಗದವೂ ಇಲ್ಲದೆ, ಹೋಗುತ್ತಲೇ ಇದ್ದ. ಕಾಲಿನ ಅಭ್ಯಾಸ ಎಂದುಕೊಂಡು ಅವಳು ಸುಮ್ಮನಾಗಿದ್ದಳು. ಪ್ರಾಜೆಕ್ಟ್ ನೋಡುವ ಗೌತಮಿ ಮೇಡಂ ಮಾತ್ರ ಸುಮ್ಮನಾಗಲಿಲ್ಲ. "ಅಷ್ಟು ತಿಳಿದವರು ದಿನಾ ತಪ್ಪು ಮಾಡ್ತಾರಾ? ಹೋಗಿ ಕೇಳು," ಎಂದಿದ್ದರು. ಇಂದು ಕೇಳೋಣ, ನಾಳೆ ಕೇಳೋಣ ಎನ್ನುವಷ್ಟರಲ್ಲಿ ಹೀಗಾಯಿತು.

*

ಹುಣಸೆಮರದ ಓಣಿಯನ್ನು ಕೊಳಾಯಿ ಪೈಪಿಗಾಗಿ ಅಗೆದಿದ್ದರು. ಹೆಣ ಹಿಂದಲ ಬೀದಿಯಲ್ಲೇ ಹೋಗಬೇಕಾಯಿತು. ಮುಂದೆ ತಮಟೆ, ಹಿಂದೆ ಪುರಿ ಚೆಲ್ಲುವವರು, ಅವರ ಹಿಂದೆ ಕೆಂಪಣ್ಣನ ಖಾಲಿ ಸೈಕಲ್ಲನ್ನು ತಳ್ಳಿಕೊಂಡು ರುದ್ರೇಶ. ಸೈಕಲ್ಲೂ ಜೊತೆಗೆ ಬರಲಿ ಎಂದವಳು ನಂಜಮ್ಮ. ಪಕ್ಕದ ಅಗೆತದ ಮಣ್ಣು ಬೀದಿಯ ಮೇಲೂ ಹರಡಿ ಮೆತ್ತಗಿತ್ತು. ಹೆಣ ಹೋಗುವ ಬೀದಿಯಾದ್ದರಿಂದ ಮನೆಗಳ ಬಾಗಿಲೆಲ್ಲ ಮುಚ್ಚಿದ್ದವು.

ತಮಟೆ ತಿರುವಿನಾಚೆ ಹೋದಾಗ ಸೈಕಲ್ಲಿನ ಮುಂದಿನ ಚಕ್ರ ಕಲ್ಲೊಂದಕ್ಕೆ ಹತ್ತಿ ಇಳಿಯಿತು. ಬೆಲ್ಲು ತಾನಾಗಿಯೇ ಟಿಣ್ ಎಂದಿತು.

ಪಕ್ಕದ ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ಮುದಿ ದನಿ ಬಂತು.

"ಕೆಂಪಣ್ಣಾ, ಒಂದ್ನೇದು ತಗತಾ ಇವ್ನಿ ಕಣಪ್ಪಾ."

ರುದ್ರೇಶ ನಿಂತುಬಿಟ್ಟ. ಭಾನುವೂ ನಿಂತಳು.

"ತಮಟೆ ಕೇಳಿಸ್ತಲ್ಲ. ಯಾರ್ಲಾ ಓಗಿದ್ದು?"

ಒಳಗೆ ಲೋಟಕ್ಕೆ ನೀರು ಸುರಿದುಕೊಂಡ ಸದ್ದಾಯಿತು.

ನಾಲ್ಕು ಹೆಜ್ಜೆ ಮುಂದೆ ಹೋದಮೇಲೆ ರುದ್ರೇಶ ತಗ್ಗಿದ ದನಿಯಲ್ಲಿ ಹೇಳಿದ. "ಲಕ್ಷ್ಮಿದೇವಮ್ಮ. ಸಕ್ಕರೆ ಕಾಯ್ಲೆಲಿ ಕಣ್ಣು ಓಗಿ ಅದೆಷ್ಟೋ ವರ್ಸ ಆಯ್ತು. ಸೊಸೆ ಆರು ಗಂಟೆ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಕೆಲಸಕ್ಕೆ ಓಯ್ತಾಳೆ. ಅವಳಿಗೇ ಇನ್ನೂ ಸುದ್ದಿ ಗೊತ್ತಿರಕಿಲ್ಲ. ಎಡಗಡೆ ಬಟ್ಟಲಲ್ಲಿ ಊಟಕ್ಕೆ ಮುಂಚಿನ ಮಾತ್ರೆ, ಬಲಗಡೇದ್ರಲ್ಲಿ ಊಟ ಆದ್ಮೇಲಿಂದು. ಕೆಂಪಣ್ಣನ ಮೊದಲ್ನೇ ಬೆಲ್ಲಿಗೆ ಇದು, ವಾಪಸ್ ಬಂದಾಗ ಎರಡ್ನೇ ಬೆಲ್ಲಿಗೆ ಅದು."

"ಕಣ್ಣು ಹೋಗೋಕೆ ಮುಂಚೆ?"

"ಮುಂಚೆ ಓಣಿ ದಾರೀಲೇ ವಾಪಸ್ ಬತ್ತಿದ್ರಂತೆ."

ಹಾಗಾದರೆ ದಂಡ ನಲವತ್ತು ವರ್ಷದ್ದೂ ಆಗಿರಲಿಲ್ಲ. ಅವಳು ಅದನ್ನೂ ತಪ್ಪಾಗಿಯೇ ಬರೆದಿದ್ದಳು.

"ನನಗ್ಯಾಕೆ ಹೇಳಲಿಲ್ಲ ರುದ್ರೇಶಣ್ಣ?"

"ಯಾರಿಗೂ ಏಳ್ಬ್ಯಾಡ ಅಂದಿದ್ರು ಕಣವ್ವ. ಅತ್ತೆನ ಒಬ್ಬಳೇ ಬುಟ್ಟು ಓಯ್ತಾಳೆ ಅಂತ ಜನ ಆ ಸೊಸೆನ ಆಡ್ಕೋತಾರಲ್ಲ, ಅದ್ಕೆ."

*

ಟ್ಯಾಂಕಿನಾಚೆಯ ಸ್ವಂತ ಹೊಲದಲ್ಲಿ ಗುಂಡಿ ಸಿದ್ಧವಾಗಿತ್ತು. ಎಲ್ಲರೂ ಮೂರು ಹಿಡಿ ಮಣ್ಣು ಹಾಕುವ ಮೊದಲು ದೇವರಾಜ ಚೀಲದ ಬಾಯಿ ತೆರೆದು ಭಾನುವಿನ ಮುಂದೆ ಹಿಡಿದ.

"ಲೆಕ್ಕ ಮುಗೀತಾ?"

ಅವಳು ಕೆಂಪು ಸುತ್ತಿನ ಹಾಳೆಯನ್ನು ಮಾತ್ರ ಹರಿದು ಮಡಿಸಿಕೊಂಡು, ನೋಟ್‌ಬುಕ್ಕನ್ನು ಕನ್ನಡಕದ ಪಕ್ಕಕ್ಕೆ ಇಳಿಸಿದಳು. "ಅರ್ಧ ಮುಗೀತು."

ಮಣ್ಣು ಮುಗಿದ ಮೇಲೆ ಜನ ಕೆರೆ ಏರಿಯ ಕಡೆ ಹೊರಟರು. ಹೆಣ ಬಂದ ದಾರಿಯಲ್ಲಿ ಹಿಂತಿರುಗಬಾರದು. ಸುತ್ತು ಬಳಸಿ ಹೋಗಿ, ಕಾಲು ತೊಳೆದು, ಮನೆಯ ದೀಪ ನೋಡಬೇಕು. ಭಾನು ಸೈಕಲ್ಲನ್ನು ಹಿಡಿದುಕೊಂಡು ಅಲ್ಲೇ ನಿಂತಳು. ಆ ಮುದುಕಿ ಊಟ ಮಾಡಿ, ಬಲಗಡೆಯ ಬಟ್ಟಲಿನ ಮೇಲೆ ಕೈಯಿಟ್ಟು ಕೂತಿರುತ್ತಾಳೆ. ಅವಳು ಸೈಕಲ್ಲನ್ನು ಹಿಂದಲ ಬೀದಿಯ ಕಡೆ ತಿರುಗಿಸಿದಳು.

"ಏಯ್, ಆ ಕಡೆ ಎಲ್ಲಿಗೆ?" ದೇವರಾಜ ಕೂಗಿದ. "ಬಂದ ದಾರೀಲೇ ಓಯ್ತಾರೇನೇ? ಓದಿದ್ದು ಜಾಸ್ತಿ ಆಯ್ತಾ ನಿಂಗೆ?"

"ಎರಡು ಸಲ ನಡೀಲೇಬೇಕಾದ ಬೀದಿ ಒಂದಿದೆ, ಅಣ್ಣ."

"ಅಪ್ಪನ್ ತರನೇ ಆಡ್ತಾಳೆ," ಎಂದು ಅವನು ರುದ್ರೇಶನತ್ತ ತಿರುಗಿದ. ರುದ್ರೇಶ ನೆಲ ನೋಡುತ್ತಾ, "ಓಗ್ಲಿ ಬುಡಣ್ಣ," ಎಂದ.

ಹಿಂದಲ ಬೀದಿ ಖಾಲಿಯಾಗಿತ್ತು. ಮುಚ್ಚಿದ ಆ ಬಾಗಿಲ ಮುಂದೆ ಅವಳು ಬೆಲ್ಲಿನ ಮೇಲೆ ಹೆಬ್ಬೆರಳಿಟ್ಟು ಒಂದು ಸಲ ಒತ್ತಿದಳು.

ಒಳಗೆ ಬಟ್ಟಲು ಸರಿಯಿತು. ನೀರು ಗುಟುಕರಿಸಿದ ಸದ್ದು.

"ತಗಂಡೆ ಕಣ ಕೆಂಪಣ್ಣಾ," ಎಂದಿತು ದನಿ. ಲೋಟ ಕೆಳಗಿಟ್ಟ ಸದ್ದಿನ ಜೊತೆಗೇ, "ಇವತ್ತು ತಡ ಮಾಡ್ಬುಟ್ಟೆ. ಯಾರು ಓಗಿದ್ದು ಅಂತಲೂ ಏಳ್ನಿಲ್ಲ."

ಸ್ನಾನವಾಗದೆ ಒಳಗೆ ಕಾಲಿಡುವಂತಿರಲಿಲ್ಲ. ಭಾನು ಸೈಕಲ್ಲನ್ನು ಗೋಡೆಗೆ ಒರಗಿಸಿ, ಹೊಸಿಲ ಹೊರಗೆ ಕೂತು, ಬಾಗಿಲಿಗೆ ಬಾಯಿ ಹತ್ತಿರ ತಂದಳು. ಅವಳ ಹಿಂದೆ, ಬೀದಿಯ ಮೆತ್ತನೆ ಮಣ್ಣಿನಲ್ಲಿ, ಚೆಲ್ಲಿದ ಪುರಿಯ ನಡುವೆ ಚಕ್ರದ ಎರಡು ಗೆರೆಗಳಿದ್ದವು, ಒಂದು ಹೋದದ್ದು, ಇನ್ನೊಂದು ವಾಪಸು ಬಂದದ್ದು.