ಶಶಿಪ್ರಭಾ ಮೇಡಂ ಬರೆದ ಪ್ರವೇಶ ಪರೀಕ್ಷೆ

ಶಶಿಪ್ರಭಾ ಓದಿದ್ದು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಕಲಿಸಿದ್ದು ಇಪ್ಪತ್ತಾರು ವರ್ಷ ಕಂಪ್ಯೂಟರ್ ಸೈನ್ಸ್. ಆ ಕಾಲದಲ್ಲಿ ಮಂಗಳೂರಿನ ಅವರ ಎಂಜಿನಿಯರಿಂಗ್ ಕಾಲೇಜಿಗೆ ಕಂಪ್ಯೂಟರ್ ಕಲಿಸುವವರು ಸಿಗುತ್ತಿರಲಿಲ್ಲ. ಪ್ರಿನ್ಸಿಪಾಲರು "ನೀವೇ ನೋಡಿಕೊಳ್ಳಿ" ಎಂದರು. ಇವರು ಬೇಸಿಗೆ ರಜೆಯಿಡೀ ಕೂತು ಕಲಿತು, ಜೂನಿನಲ್ಲಿ ಕಲಿಸಿದರು. ಆಮೇಲೆ ಅಂಚೆ ಶಿಕ್ಷಣದಲ್ಲಿ ಎಂ.ಸಿ.ಎ. ಮುಗಿಸಿದರು. ಪಿಎಚ್.ಡಿ.ಗೆ ಹೊರಟಾಗ ಅಮ್ಮ ಹಾಸಿಗೆ ಹಿಡಿದರು. ಹನ್ನೊಂದು ವರ್ಷ.

ಅಮ್ಮ ತೀರಿಕೊಂಡ ಮರುವರ್ಷ ವಿಭಾಗದ ಮುಖ್ಯಸ್ಥ ಮುಖೇಶ್ ಕರೆಸಿದ. ಅವರದೇ ಹಳೆಯ ವಿದ್ಯಾರ್ಥಿ.

"ಮೇಡಂ, ಪಿಎಚ್.ಡಿ. ಇಲ್ಲದವರಿಗೆ ಇನ್ನು ಲ್ಯಾಬ್ ಮಾತ್ರ ಅಂತ ಮ್ಯಾನೇಜ್‌ಮೆಂಟ್ ಹೇಳ್ತಾ ಉಂಟು. ನಾನು ಎಂತ ಮಾಡುವುದು?"

"ನೀನಾದರೂ ಎಂತ ಮಾಡ್ಲಿಕ್ಕೆ ಉಂಟು, ಬಿಡು."

ಲ್ಯಾಬಿನಲ್ಲಿ ಮಕ್ಕಳು ಸ್ಕ್ರೀನ್ ನೋಡುತ್ತಾರೆ, ಮೇಡಂ ಅವರ ಮುಖವನ್ನಲ್ಲ. ಬೋಳಾರದ ಮನೆಯಲ್ಲಂತೂ ಮಾತಿಗೆ ಯಾರೂ ಇರಲಿಲ್ಲ. ಒಂದು ಭಾನುವಾರ ಯಾರಿಗೂ ಹೇಳದೆ ಪಿಎಚ್.ಡಿ. ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿದರು. ವಯಸ್ಸಿನ ಜಾಗದಲ್ಲಿ ಐವತ್ತೆರಡು ಎಂದು ತುಂಬಿದರು.

ಪರೀಕ್ಷೆಯ ದಿನ ಅವರು ಕೊಠಡಿಯೊಳಗೆ ಬಂದದ್ದೇ ಪರೀಕ್ಷೆಗೆ ಕೂತಿದ್ದ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ಪರೀಕ್ಷೆ ನಡೆಸಲು ಬಂದವರು ಎಂದುಕೊಂಡಿದ್ದರು. ಶಶಿಪ್ರಭಾ ಮೂರನೇ ಬೆಂಚಿನಲ್ಲಿ ಕುಳಿತಾಗ ಅವರೂ ಮೆಲ್ಲನೆ ಕುಳಿತರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಪಾಸಾದರು. ಸಂದರ್ಶನದಲ್ಲಿ ಎದುರಿಗೆ ಕೂತಿದ್ದವಳು ಝಹ್ರಾ. ಒಂದು ಕಾಲದಲ್ಲಿ ಇವರ ತರಗತಿಯಲ್ಲಿದ್ದವಳು, ಈಗ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಪ್ರಶ್ನೆ ಕೇಳಲು ತಡವರಿಸಿದಳು.

"ಕೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತೇನೆ."

ಎರಡಕ್ಕೆ ಹಾಗೆಯೇ ಹೇಳಿದರು. ಉಳಿದವನ್ನು ಬೋರ್ಡಿನಲ್ಲಿ ಬರೆದು ತೋರಿಸಿದರು.

ಹೊರಗೆ ಬಂದಾಗ ಝಹ್ರಾ ಹಿಂದೆಯೇ ಓಡಿಬಂದಳು. "ಸೀಟು ಉಂಟು ಮೇಡಂ. ಆದರೆ ನಿಮ್ಮ ವಿಷಯಕ್ಕೆ ಗೈಡ್ ಅಂತ ಇರುವುದು ನಾನೊಬ್ಬಳೇ. ನಿಮಗೆ ಬೇಸರವಾ?"

"ಬೇಸರ ಎಂತದು? ತಪ್ಪಿದಾಗ ಬೈಲಿಕ್ಕೆ ಹೆದರಬೇಡ, ಅಷ್ಟೇ."

ಬಸ್ಸಿನಲ್ಲಿ ಯಾರಿಗಾದರೂ ಹೇಳಬೇಕೆನಿಸಿತು. ಮುಖೇಶನಿಗೆ ಫೋನ್ ಮಾಡಿದರೆ "ಮೀಟಿಂಗಲ್ಲಿದ್ದೇನೆ ಮೇಡಂ" ಎಂದು ಸಂದೇಶ ಬಂತು. ಬೋಳಾರದಲ್ಲಿ ಪಕ್ಕದ ಮನೆಯ ಗ್ಲ್ಯಾಡಿಸ್ ಗೇಟಿನ ಬಳಿಯೇ ಸಿಕ್ಕರು.

"ಗ್ಲ್ಯಾಡಿಸ್ ಬಾಯಿ, ಪಿಎಚ್.ಡಿ.ಗೆ ಸೀಟು ಸಿಕ್ಕಿತು."

"ಯಾರಿಗೆ? ನಿಮ್ಮ ತಂಗಿಯ ಮಗಳಿಗಾ?"

"ಅಲ್ಲ, ನನಗೆ."

ಗ್ಲ್ಯಾಡಿಸ್ "ಒಳ್ಳೆದಾಯ್ತು ಬಿಡಿ" ಎಂದು ಒಳಗೆ ಹೋದರು. ಶಶಿಪ್ರಭಾ ಬೀಗ ತೆಗೆದು, ದೀಪ ಹಾಕಿ, ಹೊರಡುವಾಗ ಝಹ್ರಾ ಕೊಟ್ಟಿದ್ದ ಮೊದಲ ಸಂಶೋಧನಾ ಲೇಖನವನ್ನು ಖಾಲಿ ಮನೆಗೆ ಕೇಳುವಂತೆ ಗಟ್ಟಿಯಾಗಿ ಓದತೊಡಗಿದರು.