ಸದ್ದಿಲ್ಲದ ಗರಗಸ

ಬ್ಯಾಟರಿ ಗರಗಸ ಕೈಗೆ ಬಂದ ಬೆಳಿಗ್ಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹನ್ನೊಂದು ವರ್ಷ ಪೆಟ್ರೋಲ್ ಗರಗಸ ಹೊತ್ತು ಮರ ಹತ್ತಿದವಳು ನಾನು. ಸೊಂಟದ ಹಗ್ಗದಲ್ಲಿ ನೇತಾಡುತ್ತಾ ಅದರ ದಾರ ಜಗ್ಗಿ ಎಂಜಿನ್ ಎಬ್ಬಿಸುವ ಸುಖ ಶತ್ರುವಿಗೂ ಬೇಡ. ಇದಕ್ಕೋ, ಬೆರಳು ಒತ್ತಿದರೆ ಸಾಕು, ಸರಪಳಿ ತಿರುಗುತ್ತದೆ. ಬಿಟ್ಟರೆ ನಿಲ್ಲುತ್ತದೆ. ಹೊಗೆಯಿಲ್ಲ, ಬಟ್ಟೆಗೆಲ್ಲ ಪೆಟ್ರೋಲ್ ವಾಸನೆಯಿಲ್ಲ.

ಚಿಕ್ಕಪ್ಪ ಮಾತ್ರ ಮೂಗು ಮುರಿದರು. ನನಗೆ ಈ ಕಸುಬು ಕಲಿಸಿದವರೇ ಅವರು. ಈಗ ನಾನು ಮರದ ಮೇಲೆ, ಅವರು ಬುಡದಲ್ಲಿ. ಅವರ ದನಿ ಕೇಳಿ ಜನ ಇಟ್ಟ ಹೆಸರು ಗುಡುಗು. ಬ್ಯಾಟರಿ ಗರಗಸವೆಂದರೆ ಮಕ್ಕಳ ಆಟಿಕೆ, ದಪ್ಪ ಕಾಂಡ ಕಂಡರೆ ಏದುಸಿರು ಬಿಡುತ್ತದೆ, ಪೆಟ್ರೋಲಾದರೆ ಡಬ್ಬದಿಂದ ಸುರಿದು ಮತ್ತೆ ಶುರು ಮಾಡಬಹುದು ಎಂದು ಅದರ ಹಿಂದಿನ ವಾರವಿಡೀ ಗುಡುಗಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಕೊನೆಗೆ ಆಸ್ಪತ್ರೆಯ ಅಂಗಳದ ಒಣಮರ ನನ್ನ ಪರ ನಿಂತಿತು. ರೋಗಿಗಳ ಕಿಟಕಿಯ ಪಕ್ಕದಲ್ಲೇ ಮರ. ಹನ್ನೊಂದು ಗಂಟೆಯವರೆಗೆ ಎಂಜಿನ್ ಸದ್ದು ಕೂಡದೆಂದು ಅಲ್ಲಿನ ಹಿರಿಯ ನರ್ಸ್ ಪಟ್ಟು ಹಿಡಿದರು. ಗರಗಸ ಮಾರುವ ಅಂಗಡಿಯವನು ಒಂದು ದಿನದ ಮಟ್ಟಿಗೆ ಹೊಸ ಗರಗಸವನ್ನೂ ಮೂರು ಬ್ಯಾಟರಿಗಳನ್ನೂ ಕೊಟ್ಟ. ಚಿಕ್ಕಪ್ಪ ಷರತ್ತು ಹಾಕಿದರು: ಕೊಂಬೆಗಳೆಲ್ಲ ಆ ಮೂರರಲ್ಲೇ ಇಳಿದರೆ ಗರಗಸ ನಮ್ಮದು. ಇಲ್ಲವಾದರೆ ಸಂಜೆಗೆ ವಾಪಸ್, ಮತ್ತೆ ಅದರ ಸುದ್ದಿ ಎತ್ತಬಾರದು.

ನಮ್ಮ ಕೆಲಸಕ್ಕೊಂದು ಕ್ರಮವಿದೆ. ನಾಲ್ಕೈದು ಕೊಂಬೆ ಬೀಳಿಸುವವರೆಗೂ ಮೇಲೆ ಎಂಜಿನ್ ಗುರ್ರೆನ್ನುತ್ತಲೇ ಇರುತ್ತದೆ. ಆಮೇಲೆ ಆರಿಸುತ್ತೇನೆ. ಸದ್ದು ನಿಂತಿತೆಂದರೆ ಚಿಕ್ಕಪ್ಪ ಒಳಗೆ ಬಂದು ಬಿದ್ದದ್ದನ್ನೆಲ್ಲ ಎಳೆದು ಹಾಕುತ್ತಾರೆ. ಹೊಸ ಗರಗಸ ಕೊಂಬೆ ಕೊಂಬೆಗೂ ಸುಮ್ಮನಾಗುವುದರಿಂದ, ನಾನು ‘ಬನ್ನಿ’ ಎಂದು ಕೂಗುವವರೆಗೆ ಬರಬೇಡಿ ಎಂದು ಹತ್ತುವ ಮುಂಚೆಯೇ ಹೇಳಿದೆ. ಚಿಕ್ಕಪ್ಪ ತಲೆಯಾಡಿಸಿದರು.

ಅಬ್ಬಾ, ಆ ಮೊದಲ ಅರ್ಧ ಗಂಟೆ! ಗರಗಸ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಹೋಗುತ್ತಿತ್ತು. ಮರ ಬಿರಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಹನ್ನೊಂದು ವರ್ಷದಲ್ಲಿ ಮರದ ಮೇಲೆ ಎಂಜಿನ್ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ ನಾನು.

ಐದನೇ ಕೊಂಬೆ ಮುಕ್ಕಾಲು ಕೊಯ್ದಿದ್ದೆ. ಗರಗಸ ತಿರುಗುತ್ತಲೇ ಇತ್ತು. ಆಗ ನೇರ ಕೆಳಗಿನಿಂದ ಗುಡುಗಿನ ದನಿ ಬಂತು. ಧೂಳು ಬರುತ್ತದೆ, ಕಿಟಕಿ ಮುಚ್ಚಿಕೊಳ್ಳಿ ಎಂದು ನರ್ಸಿಗೆ ಹೇಳುತ್ತಾ ಚಿಕ್ಕಪ್ಪ ಆರಾಮವಾಗಿ ಕೊಂಬೆ ಎಳೆಯುತ್ತಿದ್ದರು. ಗರಗಸ ನಿಲ್ಲಿಸಿ, ಹಿಂದೆ ಸರಿಯಿರಿ ಎಂದು ಗಂಟಲು ಹರಿಯುವ ಹಾಗೆ ಮೂರು ಸಲ ಕೂಗಿದೆ. ಅವರು ತಲೆ ಎತ್ತಲಿಲ್ಲ. ಕೊಂಬೆ ಲಟಲಟ ಎನ್ನತೊಡಗಿತ್ತು. ಕೈಗವಸು ಕಿತ್ತು ಅವರ ಮೇಲೆ ಎಸೆದೆ. ಅದು ಭುಜಕ್ಕೆ ಬಡಿದಾಗ ಮೇಲೆ ನೋಡಿದರು, ಪಕ್ಕಕ್ಕೆ ಹಾರಿದರು. ಅವರು ನಿಂತಿದ್ದ ಜಾಗದಲ್ಲೇ ಕೊಂಬೆ ಬಿತ್ತು.

ಇಳಿದು ಬಂದವಳಿಗೆ ಪಿತ್ತ ನೆತ್ತಿಗೇರಿತ್ತು. ಬಾಯಿಗೆ ಬಂದದ್ದೆಲ್ಲ ಅಂದೆ. ಎಂಜಿನ್ ಆಗಿದ್ದರೆ ತಾನು ಬರುತ್ತಲೇ ಇರಲಿಲ್ಲ ಎಂದು ಅವರು ವಾದಿಸಿದರು. ಎಂಜಿನ್ ಆಗಿದ್ದರೆ ನೀವು ಬಂದದ್ದು ನನಗೆ ತಿಳಿಯುತ್ತಲೇ ಇರಲಿಲ್ಲ ಎಂದು ನಾನು ಕಿರುಚಿದೆ. ಮಾತು ಮುಗಿಯುವಷ್ಟರಲ್ಲಿ ಒಂದು ವಿಷಯ ಹೊಳೆಯಿತು. ಅವರ ಕಣ್ಣು ನನ್ನ ತುಟಿಯ ಮೇಲಿತ್ತು.

“ಗರಗಸ ಓಡ್ತಾನೇ ಇತ್ತು ಚಿಕ್ಕಪ್ಪ,” ಅಂದೆ, ನಿಧಾನವಾಗಿ. “ನಿಮಗೆ ಕೇಳಿಸಲಿಲ್ವಾ?”

ಅವರು ಬಿದ್ದ ಕೊಂಬೆಯ ಮೇಲೆ ಕುಳಿತರು.

“ನನಗೆ ಕೇಳ್ಸೋದು ಆ ಎಂಜಿನ್ ಒಂದೇ ಮಗಳೇ. ಅದನ್ನೂ ತೆಗೆದುಬಿಟ್ರೆ, ಮರದ ಬುಡದಲ್ಲಿ ನಾನ್ಯಾಕೆ ನಿಂತಿರ್ಬೇಕು?”

ಮೂವತ್ತು ವರ್ಷ ಆ ಎಂಜಿನ್ನನ್ನೇ ಕಿವಿಗೆ ಹಚ್ಚಿಕೊಂಡು ದುಡಿದ ಮನುಷ್ಯ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆದರೆ ಅಳುತ್ತಾ ಕೂರಲು ಪುರುಸೊತ್ತಿರಲಿಲ್ಲ; ಎರಡು ಬ್ಯಾಟರಿ ಉಳಿದಿದ್ದವು, ಮುಕ್ಕಾಲು ಮರ ಉಳಿದಿತ್ತು. ಚೀಲದಿಂದ ಸಣ್ಣ ಹಗ್ಗ ತೆಗೆದು ಒಂದು ತುದಿ ಅವರ ಕೈಯಲ್ಲಿಟ್ಟೆ, ಇನ್ನೊಂದನ್ನು ಮೇಲಕ್ಕೆ ಒಯ್ದೆ. ನಾನು ಒಂದು ಸಲ ಜಗ್ಗಿದರೆ ದೂರ ನಿಲ್ಲಬೇಕು, ಎರಡು ಸಲ ಜಗ್ಗಿದರೆ ಬರಬೇಕು. ತಿಳಿಯಿತೆಂದು ಅವರೂ ಜಗ್ಗಬೇಕು. ಅಲ್ಲಿಯವರೆಗೆ ನಾನು ಗರಗಸ ಮುಟ್ಟುವುದಿಲ್ಲ.

ಆಮೇಲೆ ನಡೆದದ್ದನ್ನು ಕೆಲಸ ಎನ್ನಲೇ, ಆಟ ಎನ್ನಲೇ! ನಾನು ಜಗ್ಗಿದೊಡನೆ ಕೆಳಗಿನಿಂದ ಜಗ್ಗು ಬರುತ್ತಿತ್ತು. ಕೊಂಬೆಗಳು ಸಾಲಾಗಿ ಇಳಿದವು. ಹತ್ತೂ ಮುಕ್ಕಾಲಿಗೆ ಕೊನೆಯದೂ ಬಿತ್ತು. ಮೂರನೇ ಬ್ಯಾಟರಿಯಲ್ಲಿ ಇನ್ನೂ ಒಂದು ಗೆರೆ ಜೀವವಿತ್ತು. ಹನ್ನೊಂದು ಹೊಡೆದ ಮೇಲೆ ಚಿಕ್ಕಪ್ಪ ತಮ್ಮ ಪೆಟ್ರೋಲ್ ಗರಗಸ ಎಬ್ಬಿಸಿ, ಬೊಡ್ಡೆಯನ್ನು ಏಳೇ ನಿಮಿಷದಲ್ಲಿ ಉರುಳಿಸಿದರು. ಅದು ನನ್ನ ಗರಗಸದ ಕೈಲಾಗದ ಕೆಲಸವೆಂದು ನಾನೇ ಒಪ್ಪಿಕೊಂಡೆ.

ಸಂಜೆ ಅಂಗಡಿಯವನು ಬಂದು, ಗರಗಸದ ಮೇಲೆ ಕೈಯಿಟ್ಟು, ತನ್ನ ಮೆತ್ತನೆಯ ದನಿಯಲ್ಲಿ ಏನೋ ಕೇಳಿದ. ಇಂಥ ಹೊತ್ತಿನಲ್ಲಿ ಸುಮ್ಮನೆ ತಲೆಯಾಡಿಸಿಬಿಡುವುದು ಚಿಕ್ಕಪ್ಪನ ರೂಢಿ. ನಾನು ಉತ್ತರ ಕೊಡಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು ನನ್ನನ್ನು ತಡೆದರು.

“ಸ್ವಲ್ಪ ಜೋರಾಗಿ ಹೇಳಿ,” ಅಂದರು ಅವನಿಗೆ. “ನನಗೆ ಕಿವಿ ಕೇಳ್ಸಲ್ಲ.”

ಅಂಗಡಿಯವನು ಗಾಬರಿಬಿದ್ದು, ಇಟ್ಟುಕೊಳ್ಳುತ್ತೀರೋ ವಾಪಸ್ ಕೊಡುತ್ತೀರೋ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಚಿಕ್ಕಪ್ಪ ಅವನ ಕೈಯನ್ನು ಗರಗಸದಿಂದ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟರು.